ಗೋಲು ಕಾಯುವವನ ಚೌಕಿ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ‘ಆಟ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಹಗಲು ಹೊತ್ತಿನಲ್ಲಿ ಹುಡುಗನೊಬ್ಬನು ‘ಆಟಕ್ಕೆ ಹೋಗಿ ಬರುತ್ತೇನೆ’ ಎಂದರೆ ಚೆಂಡನ್ನೋ ದಾಂಡನ್ನೋ ಹಿಡಿದು ಬಯಲಿಗೆ ಹೊರಟನೆಂದು ತಿಳಿಯಬೇಕು. ರಾತ್ರಿಯ ಊಟ ಮುಗಿದ ಮೇಲೆ ಮನೆಯ ಹಿರಿಯರು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಅದೇ ಮಾತನ್ನು ಆಡಿದರೆ ಯಕ್ಷಗಾನಕ್ಕೆ ಹೊರಟರೆಂದು ತಿಳಿಯಬೇಕು. ಈ ಎರಡು ಆಟಗಳಿಗೂ ಹೆಸರೊಂದರ ಹೊರತು ಬೇರೆ ನಂಟಿಲ್ಲವೆಂದೇ ನಾನು ಬಹುಕಾಲ ಎಣಿಸಿದ್ದೆ. ಹಾಗಲ್ಲವೆಂದು ನನಗೆ ತೋರಿಸಿಕೊಟ್ಟವನು ಯಲ್ಲಾಪುರದ ಕಡೆಯ ಒಬ್ಬ ವಿದ್ಯಾರ್ಥಿ. ನಮ್ಮ ಸೀಮೆಗೆ ದೂರವಾದ ಊರೊಂದರಲ್ಲಿ ನಾನು ಪಾಠ ಹೇಳುತ್ತಿದ್ದಾಗ ಅವನು ಆ ಕಾಲೇಜಿನ ಹಾಕಿ ತಂಡದಲ್ಲಿ ಗೋಲು ಕಾಯುತ್ತಿದ್ದನು. ಹಾಕಿಯ ಗೋಲ್‌ಕೀಪರನು ಪಂದ್ಯದ ದಿನ ಅನುಸರಿಸುವ ಕಟ್ಟಳೆಗಳೇನು, ಅವುಗಳಲ್ಲಿ ಯಾವುದು ಶಿಸ್ತು, ಯಾವುದು ಭ್ರಮೆ ಎಂಬುದನ್ನು ಈ ಭಾಷಣದಲ್ಲಿ ವಿಚಾರಿಸಬೇಕೆಂದು ನನ್ನ ಉದ್ದೇಶ.

ಹಾಕಿ ನಮ್ಮ ಮೂರು ತಾಲ್ಲೂಕುಗಳಲ್ಲಿ ಅಷ್ಟಾಗಿ ಬೇರೂರಿದ ಆಟವಲ್ಲ. ಕನ್ನಡನಾಡಿನಲ್ಲಿ ಅದರ ತವರೆಂದರೆ ಕೊಡಗು. ಅಲ್ಲಿ ಪಾಂಡಂಡ ಕುಟ್ಟಪ್ಪನವರ ಯತ್ನದಿಂದ ೧೯೯೭ ರಲ್ಲಿ ಕರಡದಲ್ಲಿ ಮೊದಲಾದ ಕೌಟುಂಬಿಕ ಹಾಕಿ ಪಂದ್ಯಾವಳಿ ಕ್ರಮೇಣ ನೂರಾರು ಮನೆತನಗಳು ಸೇರುವ ಉತ್ಸವವಾಗಿ ಬೆಳೆಯಿತು. ೧೯೯೨ ರ ಬಾರ್ಸಿಲೋನಾ ಮತ್ತು ೧೯೯೬ ರ ಅಟ್ಲಾಂಟಾ ಒಲಿಂಪಿಕ್ ಕೂಟಗಳಿಗೆ ಭಾರತದ ಗೋಲು ಕಾಯಲು ಹೋದ ಎ. ಬಿ. ಸುಬ್ಬಯ್ಯನವರು ಆ ನಾಡಿನವರು. ಇನ್ನು ಬೆಂಗಳೂರಿನ ಆಶೀಶ್ ಬಲ್ಲಾಳರ ಹೆಸರನ್ನು ಕೇಳದ ಹಾಕಿಪ್ರಿಯರು ವಿರಳ. ೧೯೯೮ ರಲ್ಲಿ ಬ್ಯಾಂಕಾಕಿನ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯವು ದಕ್ಷಿಣ ಕೊರಿಯದೊಡನೆ ಸಮವಾಗಿ ನಿಂತಾಗ, ಬಲ್ಲಾಳರು ಪೆನಾಲ್ಟಿ ಸ್ಟ್ರೋಕುಗಳಲ್ಲಿ ಎರಡನ್ನು ತಡೆದುದರಿಂದ ಮೂವತ್ತೆರಡು ವರ್ಷಗಳ ತರುವಾಯ ಆ ಚಿನ್ನವು ಮರಳಿ ಭಾರತಕ್ಕೆ ಬಂದಿತು.

ಗೋಲ್‌ಕೀಪರನ ಕಟ್ಟಳೆಗಳು ಅರ್ಥವಾಗಬೇಕಾದರೆ ಮೊದಲು ಅವನ ಕೆಲಸದ ಸ್ವರೂಪವನ್ನು ತಿಳಿಯಬೇಕು. ಹಾಕಿಯ ಗೋಲು ೩.೬೬ ಮೀಟರ್ ಅಗಲ, ೨.೧೪ ಮೀಟರ್ ಎತ್ತರ. ಎಂದರೆ ನಮ್ಮ ಹಳೆಯ ಮನೆಗಳ ಹೆಬ್ಬಾಗಿಲಿಗಿಂತ ಎಷ್ಟೋ ದೊಡ್ಡದು. ಅದರ ಮುಂದೆ ೧೪.೬೩ ಮೀಟರ್ ದೂರಕ್ಕೆ ಎಳೆದ ಬಾಗುಗೆರೆಯೊಂದಿದೆ. ಎದುರಾಳಿಯು ಆ ಗೆರೆಯ ಒಳಗಿನಿಂದಲೇ ಗೋಲಿಗೆ ಹೊಡೆಯಬೇಕು. ಪೆನಾಲ್ಟಿ ಕಾರ್ನರ್ ಎಂಬ ಸಂದರ್ಭದಲ್ಲಿ ನುರಿತವನು ಚೆಂಡನ್ನು ಕೋಲಿನಿಂದ ಎಳೆದು ಚಿಮ್ಮಿಸಿದನೆಂದರೆ ಅದು ಗಂಟೆಗೆ ನೂರು ಕಿಲೊಮೀಟರಿಗೂ ಮಿಗಿಲಾದ ವೇಗದಲ್ಲಿ ಬರುವುದುಂಟು. ಲೆಕ್ಕ ಹಾಕಿ ನೋಡಿ: ನೂರಹತ್ತು ಕಿಲೊಮೀಟರ್ ವೇಗವೆಂದರೆ ಸೆಕೆಂಡಿಗೆ ಮೂವತ್ತು ಮೀಟರಿಗೂ ಹೆಚ್ಚು. ಚೆಂಡು ಗೋಲನ್ನು ಸೇರಲು ಅರ್ಧ ಸೆಕೆಂಡೂ ಹಿಡಿಯದು. ಮನುಷ್ಯನ ಕಣ್ಣು ಕಂಡದ್ದು ಮಿದುಳಿಗೆ ಮುಟ್ಟಿ, ಮಿದುಳಿನ ಆಜ್ಞೆ ಕೈಕಾಲುಗಳಿಗೆ ತಲಪಲು ಆ ಅರ್ಧದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಕಳೆದುಹೋಗುವುದು. ಉಳಿದ ಕಾಲು ಸೆಕೆಂಡಿನಲ್ಲಿ ಆತನು ಕೆಲಸವನ್ನು ಮುಗಿಸಬೇಕು.

ಇದು ಒಂದು ಕಷ್ಟವಾದರೆ, ಇದಕ್ಕೆ ವಿಪರೀತವಾದ ಇನ್ನೊಂದು ಕಷ್ಟವುಂಟು. ಆಟವು ಹದಿನೈದು ನಿಮಿಷಗಳ ನಾಲ್ಕು ಪಾಲುಗಳಲ್ಲಿ ನಡೆಯುತ್ತದೆ. ತನ್ನ ತಂಡವು ಮೇಲುಗೈ ಪಡೆದಿರುವಾಗ ಗೋಲ್‌ಕೀಪರನು ಹತ್ತು ನಿಮಿಷಗಳವರೆಗೆ ಚೆಂಡನ್ನು ಮುಟ್ಟದೆಯೇ ನಿಂತಿರಬಹುದು. ಓಡಾಡುವವನಿಗೆ ಭಯವನ್ನು ಓಟದಲ್ಲಿ ಮರೆಯಲು ಅವಕಾಶವಿದೆ. ಕಾಯುವವನಿಗೆ ಅದು ಇಲ್ಲ. ಮುಂದಿನ ಸಾಲಿನ ಆಟಗಾರನು ಹತ್ತು ಸಲ ಗುರಿ ತಪ್ಪಿ ಹನ್ನೊಂದನೆಯ ಸಲ ಗೋಲು ಹೊಡೆದರೆ ಅವನು ವೀರನು. ಗೋಲ್‌ಕೀಪರನು ಹತ್ತು ಸಲ ತಡೆದು ಹನ್ನೊಂದನೆಯ ಸಲ ತಪ್ಪಿದರೆ ಜನರಿಗೆ ನೆನಪಿರುವುದು ಆ ಹನ್ನೊಂದನೆಯದೇ. ಹೀಗೆ ದೀರ್ಘವಾದ ನಿರೀಕ್ಷೆ, ಕ್ಷಣಮಾತ್ರದ ಕ್ರಿಯೆ, ಮರಳಿ ಬಾರದ ಫಲ, ಈ ಮೂರೂ ಕೂಡಿದ ಸ್ಥಾನದಲ್ಲಿ ನಿಂತವನು ಮನಸ್ಸಿಗೆ ಏನಾದರೊಂದು ಊರುಗೋಲನ್ನು ಹುಡುಕುವುದು ಸಹಜವಲ್ಲವೆ?

ಈಗ ಪಂದ್ಯದ ದಿನವನ್ನು ನೋಡೋಣ. ನನ್ನ ವಿದ್ಯಾರ್ಥಿಯ ದಿನಚರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಸ್ವಲ್ಪ ಹೆಚ್ಚುಕಡಿಮೆಯೊಡನೆ ಇದು ಎಲ್ಲ ಗೋಲ್‌ಕೀಪರರ ದಿನಚರಿಯೂ ಹೌದು. ಆಟಕ್ಕೆ ಮೂರು ಗಂಟೆ ಮೊದಲು ಅವನು ಲಘುವಾಗಿ ಊಟ ಮಾಡುವನು. ಬಳಿಕ ಗೋಡೆಗೆ ಟೆನಿಸ್ ಚೆಂಡನ್ನೆಸೆದು ಒಂದು ಕೈಯಿಂದ ಹಿಡಿಯುವನು. ಇದು ಕಣ್ಣಿಗೂ ಕೈಗೂ ಹೊಂದಿಕೆ ತರಲು. ಉಳಿದ ಹತ್ತು ಮಂದಿ ಹರಟುತ್ತ ಕುಳಿತಿರುವಾಗಲೇ ಇವನು ತನ್ನ ದೊಡ್ಡ ಚೀಲವನ್ನು ಬಿಚ್ಚಿ ಸಲಕರಣೆಗಳನ್ನು ಸಾಲಾಗಿ ನೆಲದ ಮೇಲೆ ಇಡುವನು. ತೊಡುವುದಕ್ಕೆ ಒಂದು ಕ್ರಮವುಂಟು. ಮೊದಲು ಕಿಬ್ಬೊಟ್ಟೆಯ ಕವಚ, ಮೆತ್ತೆಯ ಚಡ್ಡಿ. ಆಮೇಲೆ ಪಾದಗಳಿಗೆ ಕಿಕ್ಕರುಗಳು, ಕಾಲುಗಳಿಗೆ ಪ್ಯಾಡುಗಳು. ಆಮೇಲೆ ಎದೆಗವಚ, ಮೊಣಕೈಗಳ ಮೆತ್ತೆ, ಅದರ ಮೇಲೆ ಅಂಗಿ. ಅನಂತರ ಕೊರಳ ಪಟ್ಟಿ, ಹೆಲ್ಮೆಟ್ಟು. ಎಲ್ಲಕ್ಕೂ ಕೊನೆಗೆ ಕೈಗಳ ಗ್ಲೌಸು.

ಹೊರಗಿನವರಿಗೆ ಇದೊಂದು ಮಡಿಯ ಆಚಾರದಂತೆ ತೋರಬಹುದು. ಆದರೆ ಇದರ ಹಿಂದೆ ಗಟ್ಟಿಯಾದ ಕಾರಣವಿದೆ. ಎದೆಗವಚವನ್ನು ಮೊದಲೇ ತೊಟ್ಟವನು ಬಗ್ಗಿ ಕಾಲಿನ ಪಟ್ಟಿಗಳನ್ನು ಬಿಗಿಯುವುದು ಕಷ್ಟ. ಗ್ಲೌಸನ್ನು ಹಾಕಿಕೊಂಡ ಕೈಯಿಂದ ಹೆಲ್ಮೆಟ್ಟಿನ ಕೊಂಡಿಯನ್ನು ಸಿಕ್ಕಿಸಲಾಗದು. ಮೈಯ ಅನುಕೂಲಕ್ಕಾಗಿ ಹುಟ್ಟಿದ ಕ್ರಮವು ಕ್ರಮೇಣ ಮನಸ್ಸಿನ ಅನುಕೂಲವೂ ಆಗುತ್ತದೆ. ಒಂದೊಂದು ಪಟ್ಟಿ ಬಿಗಿದಂತೆಲ್ಲ ಪರೀಕ್ಷೆ, ಶುಲ್ಕ, ಮನೆಯ ಚಿಂತೆ ಇವೆಲ್ಲ ಒಂದೊಂದಾಗಿ ಹೊರಗುಳಿದು, ಹೆಲ್ಮೆಟ್ಟು ತಲೆಗೇರುವ ಹೊತ್ತಿಗೆ ಅದರ ಸರಳುಗಳ ನಡುವೆ ಕಾಣುವಷ್ಟು ಜಗತ್ತು ಮಾತ್ರ ಉಳಿಯುವುದು.

ಈ ದೃಶ್ಯವನ್ನು ಮೊದಲ ಸಲ ಕಂಡಾಗ ನನಗೆ ಥಟ್ಟನೆ ಯಕ್ಷಗಾನದ ಚೌಕಿ ನೆನಪಾಯಿತು. ಚೌಕಿಯೆಂದರೆ ವೇಷಧಾರಿಗಳು ಬಣ್ಣ ಹಚ್ಚಿ ಸಿದ್ಧರಾಗುವ ಸ್ಥಳ. ಶಿರಸಿಯಲ್ಲಿ ಎರಡು ವರ್ಷಗಳಿಗೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ ಮೇಳದ ಡೇರೆಯ ಹಿಂಬದಿಗೆ ಇಣಿಕಿ ನೋಡಿದವರಿಗೆ ಅದರ ಪರಿಚಯವಿರುವುದು. ಅಲ್ಲಿ ಗಣಪತಿಗೆ ಪೂಜೆಯಾಗುವುದು. ಪ್ರಸಾದವನ್ನು ಪಡೆದು ಕಲಾವಿದರು ತಮ್ಮ ತಮ್ಮ ಪೆಟ್ಟಿಗೆಗಳ ಮುಂದೆ ಕುಳಿತು, ಕೈಗನ್ನಡಿಯಲ್ಲಿ ನೋಡಿಕೊಂಡು, ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುವರು. ಬಡಗುತಿಟ್ಟಿನ ದೊಡ್ಡ ಮುಂಡಾಸು ಸಿದ್ಧವಾಗಿ ತಲೆಗೇರುವ ಕಿರೀಟವಲ್ಲ. ಒಳಗೆ ಹುಲ್ಲಿನ ಅಟ್ಟೆಯನ್ನಿಟ್ಟು, ಬಟ್ಟೆಯನ್ನು ಸುತ್ತಿ ಸುತ್ತಿ, ಪ್ರತಿ ರಾತ್ರಿಯೂ ಹೊಸದಾಗಿ ಕಟ್ಟಬೇಕಾದದ್ದು. ಗೆಜ್ಜೆಯನ್ನು ಕಣ್ಣಿಗೊತ್ತಿಕೊಂಡೇ ಕಾಲಿಗೆ ಕಟ್ಟುವರು. ಸಂಜೆ ಊರಿನ ಸಮಾಚಾರವನ್ನು ಮಾತನಾಡುತ್ತಿದ್ದ ಮನುಷ್ಯನು ಚಂಡೆಯ ಅಬ್ಬರಕ್ಕೆ ರಂಗಸ್ಥಳಕ್ಕೆ ಬರುವಾಗ ಕರ್ಣನೋ ಕೌರವನೋ ಆಗಿರುವನು. ಈ ಪರಿವರ್ತನೆಗೆ ಬಣ್ಣ ಬಟ್ಟೆಗಳಷ್ಟೇ ಕಾರಣವಲ್ಲ. ಅವುಗಳನ್ನು ಕ್ರಮದಲ್ಲಿ ತೊಡುವ ಆ ಎರಡು ಮೂರು ತಾಸುಗಳೂ ಕಾರಣ.

ಗೋಲ್‌ಕೀಪರನು ಅಂಗಳಕ್ಕೆ ಇಳಿದ ಮೇಲೆಯೂ ಕಟ್ಟಳೆಗಳು ಮುಗಿಯುವುದಿಲ್ಲ. ಮೊದಲು ಮೆಲ್ಲಗೆ ಬಂದ ಚೆಂಡುಗಳನ್ನು ಎಡಗಾಲಿನಿಂದಲೂ ಬಲಗಾಲಿನಿಂದಲೂ ತಡೆಯುವನು; ಬಳಿಕ ವೇಗದವು, ಬಳಿಕ ಎತ್ತರದವು, ಕೊನೆಗೆ ಪೆನಾಲ್ಟಿ ಕಾರ್ನರಿನ ಅಭ್ಯಾಸ. ಆಟ ಮೊದಲಾಗುವ ಮುನ್ನ ಕೋಲಿನಿಂದ ಎಡಗಂಬವನ್ನೊಮ್ಮೆ ಬಲಗಂಬವನ್ನೊಮ್ಮೆ ತಟ್ಟುವನು. ಕಂಬಕ್ಕೆ ನಮಸ್ಕಾರ ಮಾಡಿದನೆಂದು ನೋಡಿದವರು ನಗುವುದುಂಟು. ಅದು ನಮಸ್ಕಾರವೂ ಆಗಿರಬಹುದು. ಆದರೆ ಅಳತೆಯೂ ಹೌದು. ಗೋಲು ಅವನ ಬೆನ್ನ ಹಿಂದಿದೆ. ಚೆಂಡಿನಿಂದ ಕಣ್ಣು ತೆಗೆದು ಹಿಂದಿರುಗಿ ನೋಡುವಂತಿಲ್ಲ. ತಾನು ನಡುವೆ ನಿಂತಿರುವೆನೋ ಒಂದು ಮಗ್ಗುಲಿಗೆ ಸರಿದಿರುವೆನೋ ಎಂಬುದನ್ನು ಆ ತಟ್ಟುವಿಕೆಯೇ ತಿಳಿಸಿಕೊಡುವುದು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಾರಣವುಳ್ಳ ಕಟ್ಟಳೆಗಳು. ಕಾರಣವಿಲ್ಲದವುಗಳೂ ಉಂಟು. ಇವುಗಳಿಗೆ ಪ್ರಸಿದ್ಧರಾದವರು ಕೆನಡದಲ್ಲಿ ಮಂಜಿನ ಮೇಲೆ ಹಾಕಿಯಾಡುವ ಗೋಲ್‌ಕೀಪರರು. ೧೯೫೫ ರಿಂದ ೧೯೬೨ ರವರೆಗೆ ಎಡೆಬಿಡದೆ ೫೦೨ ಪಂದ್ಯಗಳಲ್ಲಿ ಮುಖಕವಚವಿಲ್ಲದೆ ಗೋಲು ಕಾದ ಗ್ಲೆನ್ ಹಾಲ್ ಎಂಬಾತನಿಗೆ ಪಂದ್ಯಕ್ಕೆ ಮುನ್ನ ವಾಂತಿಯಾಗುವುದು ವಾಡಿಕೆಯಾಗಿತ್ತು. ಜಾಕ್ ಪ್ಲಾಂಟ್ ಎಂಬಾತನು ೧೯೫೯ ರ ನವೆಂಬರಿನಲ್ಲಿ ಮುಖಕ್ಕೆ ಪೆಟ್ಟು ತಿಂದು ಮುಖಕವಚವನ್ನು ಧರಿಸಿ ಅಂಗಳಕ್ಕೆ ಮರಳಿದ ಮೇಲೆಯೇ ಅದು ಅಲ್ಲಿ ರೂಢಿಗೆ ಬಂದಿತೆಂಬುದನ್ನು ನೆನೆದರೆ ಹಾಲನ ಹೊಟ್ಟೆ ತೊಳಸಿದ್ದರಲ್ಲಿ ಆಶ್ಚರ್ಯವಿಲ್ಲ. ಮುಂದಿನ ತಲೆಮಾರಿನ ಪ್ಯಾಟ್ರಿಕ್ ರಾಯ್ ಎಂಬಾತನು ಗೋಲಿನ ಕಂಬಗಳೊಡನೆ ಮಾತನಾಡುತ್ತಿದ್ದನು. ಮಂಜಿನ ಮೇಲೆ ಬರೆದ ಗೆರೆಗಳನ್ನು ತುಳಿಯದೆ ದಾಟುತ್ತಿದ್ದನು. ಇವರು ಮೂವರೂ ತಮ್ಮ ಕಾಲದ ಅಗ್ರಗಣ್ಯರು, ಅಜ್ಞರೆಂದು ತಳ್ಳಿಹಾಕುವಂತಿಲ್ಲ.

ಹೀಗೇಕೆ ಆಗುತ್ತದೆ? ಈ ಪ್ರಶ್ನೆಗೆ ಹಳೆಯ ಉತ್ತರವೊಂದನ್ನು ಮಾಲಿನೋವ್ಸ್ಕಿ ಎಂಬ ಮಾನವಶಾಸ್ತ್ರಜ್ಞರು ನ್ಯೂಗಿನಿಯ ಸಮೀಪದ ಟ್ರೋಬ್ರಿಯಂಡ್ ದ್ವೀಪಗಳಲ್ಲಿ ಕಂಡುಕೊಂಡರು. ಆ ದ್ವೀಪದವರು ಒಳಗಡಲಿನ ತಿಳಿನೀರಿನಲ್ಲಿ ಮೀನು ಹಿಡಿಯುವಾಗ ಯಾವ ಮಾಟಮಂತ್ರವನ್ನೂ ಮಾಡರು. ತೆರೆದ ಕಡಲಿಗೆ ಹೊರಡುವಾಗ ಮಾತ್ರ ವಿಸ್ತಾರವಾದ ವಿಧಿಗಳನ್ನು ಆಚರಿಸುವರು. ಎಲ್ಲಿ ಕೌಶಲವೊಂದೇ ಸಾಕೋ ಅಲ್ಲಿ ಮಂತ್ರವಿಲ್ಲ. ಎಲ್ಲಿ ಅಪಾಯವೂ ಅನಿಶ್ಚಯವೂ ಇವೆಯೋ ಅಲ್ಲಿ ಮಂತ್ರವಿದೆ. ಜಾರ್ಜ್ ಗ್ಮೆಲ್ಚ್ ಎಂಬವರು ಇದೇ ಸೂತ್ರವನ್ನು ಹಿಡಿದು ೧೯೭೧ ರಲ್ಲಿ ಅಮೆರಿಕದ ಬೇಸ್‌ಬಾಲ್ ಆಟವನ್ನು ಪರೀಕ್ಷಿಸಿದರು. ಚೆಂಡೆಸೆಯುವವನಿಗೂ ದಾಂಡಿಗನಿಗೂ ನಂಬಿಕೆಗಳು ಹಲವು. ಬಹುಮಟ್ಟಿಗೆ ತಪ್ಪದೆ ಚೆಂಡನ್ನು ಹಿಡಿಯುವ ಕ್ಷೇತ್ರರಕ್ಷಕನಿಗೆ ಅಂಥವು ಬಹಳ ಕಡಮೆ.

ನಂಬಿಕೆ ಅಂಟಿಕೊಳ್ಳುವ ಬಗೆಯನ್ನು ತೋರಿಸಿದವರು ಬಿ. ಎಫ್. ಸ್ಕಿನ್ನರ್. ೧೯೪೮ ರಲ್ಲಿ ಅವರು ಪ್ರಕಟಿಸಿದ ಪ್ರಯೋಗದಲ್ಲಿ, ಹಸಿದ ಪಾರಿವಾಳಗಳಿಗೆ ಅವು ಏನು ಮಾಡಿದರೂ ಮಾಡದಿದ್ದರೂ ನಿಗದಿಯಾದ ಹೊತ್ತಿಗೆ ಕಾಳು ದೊರೆಯುವಂತೆ ಏರ್ಪಾಟಾಗಿತ್ತು. ಕಾಳು ಬಿದ್ದಾಗ ಹಕ್ಕಿಯೊಂದು ಅಕಸ್ಮಾತ್ತಾಗಿ ಸುತ್ತು ತಿರುಗುತ್ತಿದ್ದರೆ ಅದು ಮತ್ತೆ ಮತ್ತೆ ಸುತ್ತತೊಡಗಿತು. ತಾನು ಸುತ್ತಿದ್ದರಿಂದಲೇ ಕಾಳು ಬಂತೆಂಬಂತಿತ್ತು ಅದರ ನಡತೆ!

ನನ್ನ ವಿದ್ಯಾರ್ಥಿಗೆ ಆದದ್ದೂ ಇದೇ. ಅವನು ಮೊದಲ ಸಲ ಒಂದು ಗೋಲನ್ನೂ ಬಿಟ್ಟುಕೊಡದೆ ಗೆದ್ದ ದಿನ, ಮನೆಯ ಯಾವುದೋ ಕಾರ್ಯದಲ್ಲಿ ತಾಂಬೂಲದೊಡನೆ ಬಂದ ಚಾಲಿ ಅಡಿಕೆಯೊಂದು ಅವನ ಜೇಬಿನಲ್ಲಿ ಉಳಿದುಬಿಟ್ಟಿತ್ತು. ಅಂದಿನಿಂದ ಆ ಅಡಿಕೆ ಬಟ್ಟೆಯ ಚೂರಿನಲ್ಲಿ ಗಂಟಾಗಿ ಎಡಗಾಲಿನ ಪ್ಯಾಡಿನ ಸಂದಿಯನ್ನು ಸೇರಿತು. ಎರಡು ವರ್ಷ ಅದು ಅಲ್ಲಿಯೇ ಇತ್ತು. ಒಂದು ಮುಖ್ಯ ಪಂದ್ಯದ ದಿನ ಚೀಲವನ್ನು ಬಿಚ್ಚಿದಾಗ ಗಂಟು ಕಾಣಲಿಲ್ಲ. ಸಾಲಾಗಿ ಇಟ್ಟ ಸಲಕರಣೆಗಳನ್ನೆಲ್ಲ ಕೆದರಿ ಹುಡುಕಿದನು. ಗೆಳೆಯರ ಚೀಲಗಳನ್ನೂ ಹುಡುಕಿದನು. ತೊಡುವುದಕ್ಕೆ ಹೊತ್ತು ಸಾಲದೆ ಅಂಗಳಕ್ಕೆ ಹೋದ ಮೇಲೆ ಬಲಗಾಲಿನ ಪಟ್ಟಿಯನ್ನು ಬಿಗಿದುಕೊಂಡನು. ಅಂದು ನಾಲ್ಕು ಗೋಲುಗಳಾದವು. ಅವುಗಳಲ್ಲಿ ಎರಡು ಚಿಕ್ಕ ಮಕ್ಕಳೂ ತಡೆಯಬಹುದಾದಂಥವು. ಸಂಜೆ ಅವನು ನನ್ನ ಕೊಠಡಿಗೆ ಬಂದು, ಇನ್ನು ಆಡುವುದಿಲ್ಲವೆಂದು ಹೇಳಿ ಕಣ್ಣೊರಸಿಕೊಂಡನು. ನಾನು ಸ್ಕಿನ್ನರ್ ಮಹಾಶಯರ ಪಾರಿವಾಳದ ಕಥೆಯನ್ನು ಹೇಳಿದೆನು. ಅದರಿಂದ ಅವನಿಗೆ ಯಾವ ಸಮಾಧಾನವೂ ಆಗಲಿಲ್ಲ. ಹಕ್ಕಿಗೆ ಹೋಲಿಸಿದ್ದರಿಂದ ನೊಂದುಕೊಂಡನೆಂದೇ ನನಗೆ ತೋರಿತು.

ಅವನನ್ನು ಸಮಾಧಾನಪಡಿಸಿದವರು ಅವನ ಅಜ್ಜ. ರಜೆಯಲ್ಲಿ ನಾನೂ ಊರಿಗೆ ಹೋಗಿದ್ದೆ. ಯಲ್ಲಾಪುರದ ಹತ್ತಿರದ ಹಳ್ಳಿಯೊಂದರ ಗದ್ದೆಯಲ್ಲಿ ಆಟವಿತ್ತು. ಹವ್ಯಾಸಿ ವೇಷಧಾರಿಗಳಾದ ಆ ಹಿರಿಯರಿಗೆ ಅಂದು ವೇಷವಿತ್ತು. ಮೊಮ್ಮಗನೂ ನಾನೂ ಚೌಕಿಯಲ್ಲಿ ಒಂದು ಬದಿಗೆ ಕುಳಿತಿದ್ದೆವು. ಅವರು ನಲವತ್ತು ವರ್ಷಗಳಿಂದ ಕಟ್ಟುತ್ತಿದ್ದ ಗೆಜ್ಜೆಯ ಚೀಲ ಆ ದಿನ ಮನೆಯಲ್ಲಿಯೇ ಉಳಿದುಹೋಗಿತ್ತು. ತರಲು ಹೊತ್ತಿರಲಿಲ್ಲ. ಅವರು ಪಕ್ಕದವರ ಬಳಿಯಿದ್ದ ಇನ್ನೊಂದು ಜೊತೆಯನ್ನು ಕೇಳಿ ತೆಗೆದುಕೊಂಡು, ಎಂದಿನಂತೆಯೇ ಕಣ್ಣಿಗೊತ್ತಿಕೊಂಡು, ಎಂದಿನಂತೆಯೇ ಕಟ್ಟಿಕೊಂಡರು. ಹುಡುಗನಿಗೆ ತಡೆಯಲಾಗಲಿಲ್ಲ.

“ಅಜ್ಜ, ನಿನ್ನ ಗೆಜ್ಜೆ ಇಲ್ಲದೆ ಕುಣಿಯಲು ಆಗುತ್ತದೆಯೇ?” ಎಂದು ಕೇಳಿದನು.

ಅವರು ಆಡಿದ ಮಾತನ್ನು ಗ್ರಂಥಭಾಷೆಗೆ ತಿರುಗಿಸಿ ಹೇಳುತ್ತೇನೆ: “ತಮಾ, ಕುಣಿತ ಬರಬೇಕಾದದ್ದು ಕಾಲಿಗೆ, ಗೆಜ್ಜೆಗಲ್ಲ. ಯಾವ ಗೆಜ್ಜೆಯಾದರೂ ಕಣ್ಣಿಗೊತ್ತಿಕೊಳ್ಳುವವನು ನಾನೇ ಅಲ್ಲವೆ?”

ಇಷ್ಟು ಹೇಳಿ ಅವರು ಕನ್ನಡಿಯ ಕಡೆಗೆ ತಿರುಗಿದರು. ಅಂದು ಅವರ ಕುಣಿತದಲ್ಲಿ ಯಾವ ಕೊರತೆಯೂ ನನಗೆ ಕಾಣಲಿಲ್ಲ.

ನಾನು ಪುಸ್ತಕಗಳಲ್ಲಿ ಹುಡುಕುತ್ತಿದ್ದ ವಿವೇಚನೆ ಆ ಮಾತಿನಲ್ಲಿತ್ತು. ಕಟ್ಟಳೆಯಲ್ಲಿ ಎರಡು ಅಂಶಗಳುಂಟು: ಒಂದು ನಾವು ಮಾಡುವ ಕ್ರಿಯೆ, ಇನ್ನೊಂದು ನಾವು ಹಿಡಿದುಕೊಂಡ ವಸ್ತು. ಕ್ರಿಯೆ ನಮ್ಮ ಅಧೀನದಲ್ಲಿದೆ. ಅದನ್ನು ಯಾರೂ ಕದಿಯಲಾರರು, ಅದು ಚೀಲದಿಂದ ಬಿದ್ದುಹೋಗದು. ವಸ್ತು ಹಾಗಲ್ಲ. ಧೈರ್ಯವನ್ನು ವಸ್ತುವಿನಲ್ಲಿ ಇಟ್ಟವನು, ವಸ್ತು ಕಳೆದ ದಿನ ಧೈರ್ಯವನ್ನೂ ಕಳೆದುಕೊಳ್ಳುವನು. ಹುಡುಗನಿಗೆ ಕೇಡಾದದ್ದು ಅಡಿಕೆ ಹೋದುದರಿಂದಲ್ಲ. ಅದನ್ನು ಹುಡುಕುತ್ತ ಅವನು ತನ್ನ ನಿಜವಾದ ಕಟ್ಟಳೆಯನ್ನು, ಎಂದರೆ ಕ್ರಮವಾಗಿ ತೊಟ್ಟು ಮನಸ್ಸನ್ನು ನೆಲೆಗೊಳಿಸುವ ಕೆಲಸವನ್ನು, ಬಿಟ್ಟುಬಿಟ್ಟುದರಿಂದ.

ಇತ್ತೀಚಿನ ಪ್ರಯೋಗಗಳೂ ಈ ವಿವೇಚನೆಗೆ ಒಪ್ಪುವಂತಿವೆ. ೨೦೧೦ ರಲ್ಲಿ ಜರ್ಮನಿಯ ಕೊಲೋನ್ ನಗರದ ಸಂಶೋಧಕರು, ‘ಇದು ಅದೃಷ್ಟದ ಚೆಂಡು’ ಎಂದು ಹೇಳಿ ಕೊಟ್ಟರೆ ಗಾಲ್ಫ್ ಚೆಂಡನ್ನು ಜನರು ಹೆಚ್ಚು ಸಲ ಕುಳಿಗೆ ಹಾಕುವರೆಂದು ವರದಿ ಮಾಡಿದ್ದರು. ೨೦೧೪ ರಲ್ಲಿ ಬೇರೆಯವರು ಹೆಚ್ಚು ಮಂದಿಯನ್ನು ಸೇರಿಸಿ ಅದನ್ನೇ ಮಾಡಿ ನೋಡಲಾಗಿ ಆ ಫಲ ಕಾಣಿಸಲಿಲ್ಲ. ೨೦೧೬ ರಲ್ಲಿ ಅಮೆರಿಕದ ಆಲಿಸನ್ ವುಡ್ ಬ್ರೂಕ್ಸ್ ಮತ್ತು ಅವರ ಸಂಗಡಿಗರು ಬೇರೊಂದು ಪರೀಕ್ಷೆಯನ್ನು ನಡೆಸಿದರು. ಅಪರಿಚಿತರೆದುರು ಹಾಡಬೇಕಾದವರಲ್ಲಿ ಕೆಲವರು ಮೊದಲು ಒಂದು ಸಣ್ಣ ವಿಧಿಯನ್ನು ಮಾಡಿದರು: ತಮ್ಮ ಭಾವವನ್ನು ಕಾಗದದ ಮೇಲೆ ಚಿತ್ರಿಸಿ, ಉಪ್ಪು ಉದುರಿಸಿ, ಐದರವರೆಗೆ ಎಣಿಸಿ, ಕಾಗದವನ್ನು ಮುದುರಿ ಎಸೆಯುವುದು. ಹಾಗೆ ಮಾಡಿದವರ ಕಳವಳ ಕಡಮೆಯಾಗಿ ಹಾಡು ಉತ್ತಮವಾಯಿತು. ಉಪ್ಪಿನಲ್ಲಿ ಯಾವ ಮಹಿಮೆಯೂ ಇಲ್ಲವೆಂಬುದು ಸ್ಪಷ್ಟವಷ್ಟೆ. ಕ್ರಮವಾಗಿ ಮಾಡಿದ ಕ್ರಿಯೆಯು ಮನಸ್ಸಿಗೆ ‘ಇನ್ನು ಸಿದ್ಧನಾಗು’ ಎಂಬ ಸೂಚನೆಯನ್ನು ಕೊಟ್ಟಿತೆಂದು ನಾನು ತಿಳಿಯುತ್ತೇನೆ.

ಹಾಗಾದರೆ ಕಂಬಕ್ಕೆ ಕೈ ಮುಗಿಯುವುದೆಲ್ಲ ಮೌಢ್ಯವೆಂದು ಜರೆಯಬೇಕೆ? ನನಗೆ ಹಾಗೆ ತೋರದು. ೨೦೨೧ ರ ಆಗಸ್ಟ್ ೫ ರಂದು ಟೋಕಿಯೋ ಒಲಿಂಪಿಕ್ಸಿನ ಕಂಚಿನ ಪದಕದ ಪಂದ್ಯದಲ್ಲಿ ಭಾರತವು ಜರ್ಮನಿಯ ಮೇಲೆ ೫–೪ ರಿಂದ ಮುಂದಿತ್ತು. ಆಟ ಮುಗಿಯಲು ಆರೇ ಸೆಕೆಂಡುಗಳಿದ್ದಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್ ದೊರೆಯಿತು. ಕೇರಳದ ಪಿ. ಆರ್. ಶ್ರೀಜೇಶರು ಅದನ್ನು ತಡೆದರು. ನಲವತ್ತೊಂದು ವರ್ಷಗಳ ತರುವಾಯ ಭಾರತಕ್ಕೆ ಹಾಕಿಯ ಒಲಿಂಪಿಕ್ ಪದಕ ಬಂದಿತು. ಆಮೇಲೆ ಅವರು ಮಾಡಿದ್ದೇನು? ಗೋಲಿನ ಕಂಬವನ್ನು ಹತ್ತಿ ಅದರ ಮೇಲೆ ಕುಳಿತರು. ಆ ಚಿತ್ರವನ್ನು ಕಂಡವರು ಬಹುಮಂದಿ. ಆ ಕಂಬಗಳು ಗೆಲವನ್ನು ತಂದವೆಂದು ಅವರು ನಂಬಿದ್ದರೆಂದು ಯಾರೂ ಹೇಳಲಾರರು. ಬಾಳಿನ ಬಹುಭಾಗವನ್ನು ಅವುಗಳ ನಡುವೆ ಕಳೆದವನ ಪ್ರೀತಿ ಅದು. ಗೆಜ್ಜೆಯನ್ನು ಕಣ್ಣಿಗೊತ್ತಿಕೊಳ್ಳುವುದರಲ್ಲಿಯೂ ಅದೇ ಪ್ರೀತಿಯಿದೆ. ಕೆಲಸದ ಮೇಲಣ ಗೌರವ ಬೇರೆ, ಕೆಲಸಕ್ಕೆ ಬದಲಾಗಿ ಇಟ್ಟುಕೊಂಡ ತಾಯಿತ ಬೇರೆ.

ಇವೆರಡನ್ನೂ ಬೇರ್ಪಡಿಸಲು ಸುಲಭವಾದ ಒಂದು ಪರೀಕ್ಷೆಯನ್ನು ನಾನು ಆ ಚೌಕಿಯಿಂದ ಕಲಿತೆನು: ‘ಇದು ಇಲ್ಲದಿದ್ದರೆ ನಾನು ಏನು ಮಾಡುವೆನು?’ ಎಂದು ತನ್ನನ್ನೇ ಕೇಳಿಕೊಳ್ಳುವುದು. ‘ಬೇರೊಂದನ್ನು ತೆಗೆದುಕೊಂಡು ಮುಂದುವರಿಯುವೆನು’ ಎಂದು ಉತ್ತರ ಬಂದರೆ ಭಯವಿಲ್ಲ. ಪರೀಕ್ಷೆಯ ದಿನ ಒಂದೇ ಲೇಖನಿಗೆ ಅಂಟಿಕೊಂಡ ವಿದ್ಯಾರ್ಥಿಗೂ, ಭಾಷಣದ ದಿನ ಒಂದೇ ಕೋಟನ್ನು ಹುಡುಕುವ ನನ್ನಂಥ ಉಪನ್ಯಾಸಕನಿಗೂ ಈ ಪ್ರಶ್ನೆ ಸಲ್ಲತಕ್ಕದ್ದೇ.

ಹುಡುಗನು ಆಟವನ್ನು ಬಿಡಲಿಲ್ಲ. ರಜೆ ಮುಗಿದ ಮೇಲೆ ನಡೆದ ಮೊದಲ ಪಂದ್ಯಕ್ಕೆ ನಾನು ಬೇಕೆಂದೇ ಮುಂಚಿತವಾಗಿ ಹೋಗಿ ಅವನು ಸಿದ್ಧನಾಗುವುದನ್ನು ನೋಡಿದೆನು. ಸಲಕರಣೆಗಳು ಸಾಲಾಗಿದ್ದವು, ಕ್ರಮ ತಪ್ಪಲಿಲ್ಲ, ಎಡಗಾಲಿನ ಪ್ಯಾಡಿನ ಸಂದಿ ಬರಿದಾಗಿತ್ತು. ಹೆಲ್ಮೆಟ್ಟನ್ನು ಎತ್ತಿ ಒಂದು ಕ್ಷಣ ಹಣೆಗೆ ಮುಟ್ಟಿಸಿ ತಲೆಗೆ ಹಾಕಿಕೊಂಡನು. ಅಂದಿನ ಪಂದ್ಯದಲ್ಲಿಯೂ ಅವನ ತಂಡ ಸೋತಿತು. ಆದರೆ ಆದದ್ದು ಒಂದೇ ಗೋಲು; ಅದನ್ನು ಯಾರೂ ತಡೆಯುವಂತಿರಲಿಲ್ಲ. ಅದಾದ ಮೇಲೆ ಅವನು ಕೋಲಿನಿಂದ ಎಡಗಂಬವನ್ನೊಮ್ಮೆ ಬಲಗಂಬವನ್ನೊಮ್ಮೆ ತಟ್ಟಿ, ನಡುವೆ ನಿಂತು, ಮುಂದಿನ ಚೆಂಡಿಗಾಗಿ ಕಾದನು.